ಅವ್ವ ಒಬ್ಬಳೇ ಇರುವ ಮನೆಗೆ ಯಾವ ಯಂತ್ರ ಬೇಕು?

ಊರಲ್ಲಿ ಅವ್ವನೋ ಅಪ್ಪನೋ ಒಬ್ಬರೇ ಉಳಿದರು ಅಂದ ಕೂಡಲೇ, ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗೆ ಮೊದಲು ಹೊಳೆಯುವುದು ಸಿಸಿ ಕ್ಯಾಮೆರಾ. ಪಡಸಾಲೆಗೆ ಒಂದು, ಅಡುಗೆಮನೆಗೆ ಒಂದು. ಫೋನ್ ತೆರೆದರೆ ಮನೆ ಕಾಣುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಆಫೀಸಿನ ಹೊತ್ತಿನಲ್ಲಿ ಅದನ್ನು ಯಾರು ನೋಡುತ್ತಾ ಕೂರುತ್ತಾರೆ? ಹಿರಿಯರು ಜಾರಿ ಬೀಳುವ ಭಯ ಜಾಸ್ತಿ ಇರುವುದು ಬಚ್ಚಲಿನಲ್ಲಿ. ಅಲ್ಲಿ ಕ್ಯಾಮೆರಾ ಹಾಕುವಂತೆಯೂ ಇಲ್ಲ. ನನ್ನನ್ನು ಕೇಳಿದರೆ, ಕೊಳ್ಳುವ ಸಾಮಾನಿನ ಪಟ್ಟಿಯಲ್ಲಿ ಕ್ಯಾಮೆರಾ ಕೊನೆಗೆ ಬರಬೇಕು. ಅದಕ್ಕಿಂತ ಅಗ್ಗದ, ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ವಸ್ತುಗಳು ಬೇರೆ ಇವೆ.

ಇದು ನಮ್ಮ ಕಡೆಯ ಎಷ್ಟೋ ಮನೆಗಳ ಮಾತು. ಧಾರವಾಡಕ್ಕೆ ನಿವೃತ್ತರ ಊರು ಅನ್ನುವ ಹೆಸರಿದೆ. ಮಕ್ಕಳನ್ನು ಚೆನ್ನಾಗಿ ಓದಿಸಿ ಹೊರಗೆ ಕಳಿಸುವ ಊರೂ ಅದೇ. ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ, ಗದಗ-ಬೆಟಗೇರಿ, ರಾಣೆಬೆನ್ನೂರು, ಎಲ್ಲಿಗೆ ಹೋದರೂ ದೊಡ್ಡ ಮನೆಯಲ್ಲಿ ಇಬ್ಬರು ಇಲ್ಲವೇ ಒಬ್ಬರು ಹಿರಿಯರು ಇರುವುದನ್ನು ನೋಡುತ್ತೇವೆ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು ಇದ್ದರು. ಕರ್ನಾಟಕದ ಪಾಲು ದೇಶದ ಸರಾಸರಿಗಿಂತ ತುಸು ಜಾಸ್ತಿಯೇ ಇತ್ತು. ಇವರಲ್ಲಿ ಹೆಚ್ಚಿನವರು ಮಕ್ಕಳ ಊರಿಗೆ ಹೋಗಲು ಒಪ್ಪುವುದಿಲ್ಲ. "ಅಲ್ಲಿ ಬಂದು ನಾ ಏನ್ ಮಾಡ್ಲಿ, ಮಾತಾಡಾಕ ಒಬ್ರಿಲ್ಲ" ಅನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹಾಗಾದರೆ ಅವರು ತಮ್ಮ ಮನೆಯಲ್ಲೇ ತಮ್ಮ ಪಾಡಿಗೆ ಇರಲು ಯಂತ್ರಗಳು ಎಷ್ಟು ಸಹಾಯ ಮಾಡಬಲ್ಲವು?

ಯಾವ ಸಾಧನ ತಂದರೂ ಮೂರು ಕೆಲಸ ಆಗಬೇಕು. ಏನೋ ಹೆಚ್ಚುಕಡಿಮೆ ಆಗಿದೆ ಎಂದು ಅದಕ್ಕೆ ಗೊತ್ತಾಗಬೇಕು. ಆ ಸುದ್ದಿ ಯಾರಿಗಾದರೂ ಮುಟ್ಟಬೇಕು. ಸುದ್ದಿ ಮುಟ್ಟಿದವರು ಎದ್ದು ಬಂದು ಮನೆಯೊಳಗೆ ಕಾಲಿಡಬೇಕು. ಅಂಗಡಿಯಲ್ಲಿ ಮಾರುವುದು ಮೊದಲನೆಯದನ್ನು. ಎರಡನೆಯದು ಇಂಟರ್ನೆಟ್ ಮತ್ತು ಕರೆಂಟಿನ ಕೈಯಲ್ಲಿದೆ. ಮೂರನೆಯದು ದುಡ್ಡಿಗೆ ಸಿಗುವುದಿಲ್ಲ, ಓಣಿಯಲ್ಲೇ ಹುಡುಕಬೇಕು. ಜಾಹೀರಾತುಗಳು ಮೊದಲನೆಯದರ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಮನೆಗಳಲ್ಲಿ ಕೈಕೊಡುವುದು ಮಾತ್ರ ಮೂರನೆಯದು.

ಬೀಳುವುದು, ಬಿದ್ದಲ್ಲೇ ಇರುವುದು

65 ದಾಟಿದ ನೂರು ಜನರಲ್ಲಿ 28ರಿಂದ 35 ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. 70 ದಾಟಿದ ಮೇಲೆ ಈ ಲೆಕ್ಕ ಇನ್ನೂ ಏರುತ್ತದೆ. ಬಿದ್ದಾಗ ಆಗುವ ಪೆಟ್ಟು ಒಂದು ಭಯ. ಎದ್ದೇಳಲಾಗದೆ ನೆಲದ ಮೇಲೇ ತಾಸುಗಟ್ಟಲೆ ಬಿದ್ದಿರುವುದು ಅದಕ್ಕಿಂತ ದೊಡ್ಡ ಭಯ. ಮೈಭಾರ ಒಂದೇ ಕಡೆ ಬಿದ್ದು ಸ್ನಾಯುಗಳು ಹಾಳಾಗುತ್ತವೆ. ಹಾಳಾದ ಸ್ನಾಯುವಿನಿಂದ ರಕ್ತಕ್ಕೆ ಇಳಿಯುವ ಪದಾರ್ಥ ಕಿಡ್ನಿಗೆ ಪೆಟ್ಟು ಕೊಡಬಹುದು. ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಚರ್ಮ ಹುಣ್ಣಾಗುತ್ತದೆ, ನ್ಯುಮೋನಿಯಾ ಬರಬಹುದು. ಮೂಳೆ ಮುರಿಯದಿದ್ದರೂ ಮೂರ್ನಾಲ್ಕು ತಾಸು ನೆಲದಲ್ಲಿ ಕಳೆದವರು ಆಸ್ಪತ್ರೆ ಸೇರುವುದು ಇದೇ ಕಾರಣಕ್ಕೆ. ಆದ್ದರಿಂದ ಬೇಗ ಗೊತ್ತಾಗುವುದು ಮುಖ್ಯ.

ಬಿದ್ದದ್ದನ್ನು ತಿಳಿಸುವ ಸಾಧನಗಳಲ್ಲಿ ಎರಡು ಬಗೆ. ಒಂದರಲ್ಲಿ ನಾವೇ ಬಟನ್ ಒತ್ತಬೇಕು: ಕೊರಳಿಗೆ ಹಾಕುವ ಪದಕದಂಥದ್ದು, ಕೈಗೆ ಕಟ್ಟುವಂಥದ್ದು. ಇನ್ನೊಂದು ತಾನೇ ಪತ್ತೆ ಹಚ್ಚುತ್ತದೆ. ಕೆಲವು ಸ್ಮಾರ್ಟ್ ವಾಚ್‌ಗಳಲ್ಲಿ ಇರುವುದು ಈ ಎರಡನೆಯದು. ವಾಚಿನೊಳಗೆ ಚಲನೆಯ ವೇಗ ಎಷ್ಟು ಬದಲಾಯಿತು, ಕೈ ಯಾವ ಕಡೆ ತಿರುಗಿತು ಎಂದು ಅಳೆಯುವ ಪುಟ್ಟ ಚಿಪ್‌ಗಳಿರುತ್ತವೆ. ಮನುಷ್ಯ ಬೀಳುವಾಗ ಕ್ಷಣಕಾಲ ಮೈ ಹಗುರಾದಂತೆ ಅಳತೆ ಇಳಿಯುತ್ತದೆ, ನೆಲಕ್ಕೆ ಬಡಿದಾಗ ಒಮ್ಮೆಲೇ ಏರುತ್ತದೆ, ಆಮೇಲೆ ಅಲುಗಾಟ ನಿಲ್ಲುತ್ತದೆ. ಈ ಮೂರೂ ಒಂದರ ಹಿಂದೊಂದು ಬಂದರೆ ವಾಚು "ಬಿದ್ದಿರಾ?" ಎಂದು ಕೇಳುತ್ತದೆ. ಉತ್ತರ ಬಾರದೆ ಸುಮಾರು ಒಂದು ನಿಮಿಷ ಕಳೆದರೆ ತಾನೇ ಕರೆ ಮಾಡುತ್ತದೆ. ಆಪಲ್ ವಾಚಿನಲ್ಲಿ ಈ ಸೌಲಭ್ಯ 2018ರಲ್ಲಿ ಬಂತು. ಈಗ ಬೇರೆ ಕಂಪನಿಗಳ ವಾಚ್‌ಗಳಲ್ಲೂ ಇದೆ.

ನಮ್ಮ ಕಡೆಯ ಅಡುಗೆಮನೆಯಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಜೋಳದ ರೊಟ್ಟಿ ಬಡಿಯುವ ಕೈಗೆ ವಾಚು ಕಟ್ಟಿದರೆ ಅದಕ್ಕೆ ಒಂದೇ ಸಮನೆ ಪೆಟ್ಟು. ಬಡಿತದ ನಂತರ ಕೈ ಸುಮ್ಮನಾಗುವುದಿಲ್ಲವಾದ್ದರಿಂದ ಒಳ್ಳೆಯ ವಾಚು ಮೋಸ ಹೋಗಬಾರದು. ಅಗ್ಗದ್ದು ಹೋದರೂ ಹೋಗಬಹುದು. ಅದರ ಉಲ್ಟಾ ತೊಂದರೆಯೂ ಇದೆ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕುಸಿದು ಕೂತವರನ್ನು ವಾಚು ಗುರುತಿಸದೆ ಇರಬಹುದು, ಯಾಕೆಂದರೆ ಅಲ್ಲಿ ದೊಡ್ಡ ಪೆಟ್ಟೇ ಇಲ್ಲ. ತಾನೇ ಪತ್ತೆ ಹಚ್ಚುವ ವಾಚು ಕೊಂಡರೂ ಕೈಯಿಂದ ಒತ್ತುವ ಬಟನ್ ಬೇಕೇಬೇಕು.

ಬಟನ್ ಇದ್ದರೆ ಸಾಕೇ? ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವರ್ಷವಿಡೀ ಅವರನ್ನು ಗಮನಿಸಿದಾಗ, ಬಿದ್ದವರಲ್ಲಿ ನೂರಕ್ಕೆ 80 ಮಂದಿಗೆ ಒಮ್ಮೆಯಾದರೂ ತಾವಾಗಿ ಏಳಲು ಆಗಿರಲಿಲ್ಲ. ನೂರಕ್ಕೆ 30 ಮಂದಿ ಒಂದು ತಾಸು ಅಥವಾ ಅದಕ್ಕೂ ಹೆಚ್ಚು ನೆಲದ ಮೇಲೇ ಇದ್ದರು. ಸಹಾಯಕ್ಕೆ ಕರೆಯುವ ಅಲಾರಂ ಬಹಳ ಜನರ ಹತ್ತಿರ ಇತ್ತು. ಹಾಗೆ ಹೆಚ್ಚು ಹೊತ್ತು ಬಿದ್ದಿದ್ದ ಸಂದರ್ಭಗಳಲ್ಲಿ ಬಹುಪಾಲು ಅದನ್ನು ಬಳಸಿರಲೇ ಇಲ್ಲ! ಕಾರಣ ಊಹಿಸುವುದು ಕಷ್ಟವಲ್ಲ. ಪದಕ ಗೂಟಕ್ಕೆ ನೇತಾಡುತ್ತಿರುತ್ತದೆ. ಇಲ್ಲವೇ ಕೊರಳಲ್ಲೇ ಇದ್ದರೂ "ಇಷ್ಟಕ್ಕೆ ಯಾಕ ಮಂದೀನ್ನ ಎಬ್ಬಿಸೂದು" ಅನ್ನುವ ಸಂಕೋಚ.

ಆದ್ದರಿಂದ ನಾನು ಮೊದಲು ಹೇಳುವುದು ಬಹಳ ಸಾದಾ ವಸ್ತುವನ್ನು. ವೈರ್‌ಲೆಸ್ ಕಾಲಿಂಗ್ ಬೆಲ್. ಕೆಲವು ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಬಟನ್ನನ್ನು ಬಾಗಿಲ ಹೊರಗೆ ಹಾಕುವ ಬದಲು ಬಚ್ಚಲಿನಲ್ಲಿ, ನೆಲದಿಂದ ಒಂದು ಅಡಿ ಮೇಲೆ ಅಂಟಿಸಿ. ಬಿದ್ದವರ ಕೈಗೆ ಎಟುಕುವುದು ಅಷ್ಟೇ ಎತ್ತರ. ಗಂಟೆಯನ್ನು ಪಕ್ಕದ ಮನೆಯವರ ಪಡಸಾಲೆಯಲ್ಲಿ ಇಡಿ, ಅವರು ಒಪ್ಪಿದರೆ. ಇದಕ್ಕೆ ಇಂಟರ್ನೆಟ್ ಬೇಡ, ಆ್ಯಪ್ ಬೇಡ, ತಿಂಗಳ ಬಾಡಿಗೆ ಇಲ್ಲ. ನೀರು ತಾಗಿದರೂ ಹಾಳಾಗದ ಬಟನ್ ಇದೆಯೇ, ಗಂಟೆ ಸೆಲ್ಲಿನ ಮೇಲೂ ನಡೆಯುತ್ತದೆಯೇ ಎಂದು ಕೇಳಿ ಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಬರೆದ ದೂರ ಬಯಲಿನ ಲೆಕ್ಕ. ಹಳೆಯ ಮಣ್ಣಿನ ಗೋಡೆ, ಕಲ್ಲಿನ ಗೋಡೆ ನಡುವೆ ಬಂದರೆ ಅದರಲ್ಲಿ ಎಷ್ಟೋ ಕಡಿಮೆಯಾಗುತ್ತದೆ. ಹಚ್ಚಿ ನೋಡಿಯೇ ನಂಬಬೇಕು.

ಫೋನನ್ನು ಮರೆಯಬಾರದು. 2017ರಿಂದ ನಮ್ಮ ದೇಶದಲ್ಲಿ ಮಾರುವ ಮೊಬೈಲ್‌ಗಳಲ್ಲಿ ತುರ್ತು ಕರೆಯ ಬಟನ್ ಇರಲೇಬೇಕೆಂಬ ನಿಯಮವಿದೆ. ಸಾದಾ ಫೋನಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತಿದರೆ 112ಕ್ಕೆ ಕರೆ ಹೋಗಬೇಕು. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಐದು ಸಲ ಒತ್ತಬೇಕಾಗುತ್ತದೆ. ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿ, ಮಗ ಅಥವಾ ಮಗಳ ನಂಬರನ್ನೂ ಸೇರಿಸಿಡಿ. ಆಂಬುಲೆನ್ಸ್ ಬೇಕಾದರೆ ನಮ್ಮ ರಾಜ್ಯದಲ್ಲಿ 108 ಇದ್ದೇ ಇದೆ.

ಇನ್ನು ಬೀಳುವುದನ್ನೇ ತಪ್ಪಿಸುವ ವಿಷಯ. ಇಲ್ಲಿ ಯಂತ್ರಕ್ಕಿಂತ ಗಾರೆ ಕೆಲಸದವರು ಹೆಚ್ಚು ಉಪಯೋಗ. ಶಹಾಬಾದ್ ಫರ್ಸಿ ಒದ್ದೆಯಾದರೆ ಎಷ್ಟು ಜಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಬಚ್ಚಲಿಗೆ ಇಳಿಯುವ ಒಂದು ಮೆಟ್ಟಿಲು, ಎತ್ತರದ ಹೊಸ್ತಿಲು, ಇವೆಲ್ಲ ಹಳೆಯ ಮನೆಗಳ ಕಾಣದ ಗುಂಡಿಗಳು. ಗೋಡೆಗೆ ಗಟ್ಟಿಯಾದ ಸ್ಟೀಲ್ ಹಿಡಿಕೆ, ನೆಲಕ್ಕೆ ಜಾರದ ಮ್ಯಾಟ್. ಜೊತೆಗೆ ಕಾಲು ನೆಲಕ್ಕಿಟ್ಟ ಕೂಡಲೇ ತಾನಾಗಿ ಹತ್ತುವ ಚಿಕ್ಕ ಸೆನ್ಸರ್ ದೀಪಗಳನ್ನು ಮಂಚದಿಂದ ಬಚ್ಚಲಿನವರೆಗೆ ಹಚ್ಚಿ. ರಾತ್ರಿ ಎದ್ದು ಸ್ವಿಚ್ಚಿಗೆ ತಡಕಾಡುವುದು ತಪ್ಪುತ್ತದೆ. ಇಷ್ಟು ಮಾಡದೆ ಇಪ್ಪತ್ತು ಸಾವಿರದ ವಾಚು ತರುವುದು ನನಗೇನೋ ಸರಿ ಕಾಣುವುದಿಲ್ಲ.

ಒಳಗಿನ ಚಿಲಕ

ಯಾವ ಕಂಪನಿಯ ಪುಸ್ತಿಕೆಯೂ ಹೇಳದ ತೊಡಕು ಇದು. ರಾತ್ರಿ ಒಂಬತ್ತಕ್ಕೆ ಅವ್ವ ಮುಂಬಾಗಿಲಿಗೆ ಮೇಲಿನ ಚಿಲಕ ಹಾಕುತ್ತಾಳೆ, ಕೆಳಗಿನ ಚಿಲಕ ಹಾಕುತ್ತಾಳೆ, ಗ್ರಿಲ್ಲಿಗೆ ಒಳಗಿನಿಂದ ಬೀಗ ಜಡಿಯುತ್ತಾಳೆ. ಹಿತ್ತಲ ಬಾಗಿಲಿಗೆ ಅಡ್ಡಪಟ್ಟಿ. ಒಂಟಿಯಾಗಿರುವವರು ಕಳ್ಳರಿಗೆ ಹೆದರುವುದು ಸಹಜ. ಈಗ ರಾತ್ರಿ ಎರಡಕ್ಕೆ ಬಿದ್ದಳು, ಬಟನ್ ಒತ್ತಿದಳು, ಮಗನಿಗೆ ಕರೆ ಹೋಯಿತು, ಮಗ ಪಕ್ಕದ ಮನೆಯವರಿಗೆ ಫೋನ್ ಮಾಡಿದ, ಅವರು ಓಡಿಬಂದರು. ಮುಂದೆ? ಎಲ್ಲ ಯಂತ್ರಗಳೂ ಸರಿಯಾಗಿ ಕೆಲಸ ಮಾಡಿವೆ, ಬಂದವರು ಮಾತ್ರ ಹೊರಗೆ ನಿಂತಿದ್ದಾರೆ. ಬಾಗಿಲು ಒಡೆಯಲು ಬಡಗಿಯನ್ನು ಹುಡುಕಬೇಕು, ಇಲ್ಲವೇ 112ಕ್ಕೆ ಹೇಳಿ ಅಗ್ನಿಶಾಮಕದವರನ್ನು ಕರೆಸಬೇಕು.

ಇದಕ್ಕೆ ಪರಿಹಾರ ನೈಟ್ ಲ್ಯಾಚ್. ಬಾಗಿಲು ಎಳೆದರೆ ಬೀಗ ಬೀಳುತ್ತದೆ, ಒಳಗಿನಿಂದ ಹಿಡಿ ತಿರುಗಿಸಿದರೆ ಸಾಕು, ಹೊರಗಿನಿಂದ ಕೀಲಿಕೈ ಇದ್ದರೆ ತೆಗೆಯಬಹುದು. ಗಟ್ಟಿಮುಟ್ಟಾದದ್ದನ್ನೇ ಹಾಕಿಸಿ, ಚಿಲಕ ಹಾಕುವ ರೂಢಿಯನ್ನು ಬಿಡಿಸಬೇಕು. ಕೊನೆಯದು ಹೇಳಿದಷ್ಟು ಸುಲಭವಲ್ಲ. ಐವತ್ತು ವರ್ಷ ಚಿಲಕ ಹಾಕಿದ ಕೈ ಅದು. ಬೇಕಾದರೆ ಚಿಲಕವನ್ನೇ ಬಿಚ್ಚಿಸಿ, ಅದರ ಬದಲು ಇನ್ನೊಂದು ನೈಟ್ ಲ್ಯಾಚ್ ಹಾಕಿಸಿದರೆ ಅವರಿಗೂ ಧೈರ್ಯ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದೊಂದು ಕೀಲಿಕೈ ಇರಲಿ, ಒಂದು ಮನೆಯವರು ಊರಿಗೆ ಹೋದರೂ ಇನ್ನೊಂದು ಮನೆಯವರು ಇರುತ್ತಾರೆ.

ನಂಬರ್ ಒತ್ತಿ ತೆಗೆಯುವ ಸ್ಮಾರ್ಟ್ ಲಾಕ್ ಕೂಡ ಇದೆ. ಕೀಲಿಕೈ ಕೊಡಲು ಮನಸ್ಸಿಲ್ಲದಿದ್ದರೆ ಅದು ಒಳ್ಳೆಯದು. ತುರ್ತಿನಲ್ಲಿ ಫೋನಿನ ಮೇಲೆ ನಂಬರ್ ಹೇಳಿ, ಮಾರನೆಯ ದಿನ ಬದಲಿಸಬಹುದು. ಅದು ಸೆಲ್ಲಿನ ಮೇಲೆ ನಡೆಯುವುದರಿಂದ, ಸೆಲ್ ಮುಗಿದರೆ ಹೊರಗಿನಿಂದ ಕರೆಂಟ್ ಕೊಡುವ ಜಾಗ ಅಥವಾ ಸಾದಾ ಕೀಲಿ ಇರುವುದನ್ನೇ ಆರಿಸಿ. ಸ್ಮಾರ್ಟ್ ಲಾಕ್ ಹಾಕಿಸಿದ ಮೇಲೂ ಒಳಗೆ ಚಿಲಕ ಜಡಿದರೆ ಬಂತೇ ಲಾಭ?

ಬಚ್ಚಲಿನ ಬಾಗಿಲಿಗೂ ಇದೇ ಮಾತು. ಒಳಗೆ ತೆರೆಯುವ ಬಾಗಿಲಾದರೆ, ಬಿದ್ದವರ ಮೈಯೇ ಅಡ್ಡವಾಗಿ ಅದನ್ನು ತಳ್ಳಲಾಗುವುದಿಲ್ಲ. ಹೊರಗೆ ತೆರೆಯುವಂತೆ ಕೂಡಿಸಿದರೆ ಒಳ್ಳೆಯದು. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಚಿಲಕಗಳು ಸಿಗುತ್ತವೆ.

ಆಮೇಲೆ ಬರುವವರ ಪ್ರಶ್ನೆ. ಓಣಿಯ ಐದಾರು ಮನೆಗಳು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು, ಯಾವ ರಾತ್ರಿ ಯಾರ ಫೋನ್ ಗಟ್ಟಿ ದನಿಯಲ್ಲಿರಬೇಕು ಎಂದು ಪಾಳಿ ಹಾಕಿಕೊಳ್ಳುವುದು ಅಂಥ ದೊಡ್ಡ ಕೆಲಸವಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಅನ್ನುತ್ತಾರೆ. ಅಂಥ ಜಿಲ್ಲೆಯವರು ಒಂದು ಓಣಿಯ ಕೀಲಿಕೈ ಹಂಚಿಕೊಳ್ಳಲಾರರೇ ಎಂದು ನನಗೆ ಅನಿಸುತ್ತದೆ. ಆದರೆ ಬರುವವರು 70 ದಾಟಿದ ಮತ್ತೊಬ್ಬರಾಗಿದ್ದರೆ ಬಿದ್ದವರನ್ನು ಎತ್ತಲು ಹೋಗಬಾರದು. ಅವರ ಕೆಲಸ ಬಾಗಿಲು ತೆಗೆಯುವುದು, ಹೊದಿಸುವುದು, 108 ಕರೆಯುವುದು, ಇಷ್ಟೇ.

ಕಣ್ಣಿಲ್ಲದೆ ನೋಡುವ ಸೆನ್ಸರ್‌ಗಳು

ಕ್ಯಾಮೆರಾ ಬೇಡವೆಂದರೆ ಮಗನಿಗೆ ಗೊತ್ತಾಗುವುದು ಹೇಗೆ? ಅವ್ವ ಏನು ಮಾಡುತ್ತಿದ್ದಾಳೆ ಎಂದು ನೋಡುವ ಅಗತ್ಯ ಅವನಿಗಿಲ್ಲ. ದಿನ ಎಂದಿನಂತೆ ಶುರುವಾಯಿತೇ ಎಂದು ತಿಳಿದರೆ ಸಾಕು.

ಜಪಾನಿನ ಜೋಜಿರುಶಿ ಎಂಬ ಕಂಪನಿ 2001ರಲ್ಲಿ ಒಂದು ನೀರು ಕಾಯಿಸುವ ಪಾತ್ರೆ ತಂದಿತು. ಹಿರಿಯರು ಚಹಾಕ್ಕೆಂದು ಅದನ್ನು ಬಳಸಿದಾಗಲೆಲ್ಲ ಸುದ್ದಿ ಕಂಪನಿಗೆ ಹೋಗಿ, ಅಲ್ಲಿಂದ ದೂರದ ಮಕ್ಕಳಿಗೆ ಮುಟ್ಟುತ್ತದೆ. ಬೆಳಿಗ್ಗೆ ಚಹಾ ಆಯಿತು ಅಂದರೆ ಅವ್ವ ಎದ್ದಿದ್ದಾಳೆ. ನನಗೆ ಈ ಯೋಚನೆ ಬಹಳ ಹಿಡಿಸಿತು. ಹೊಸದೇನನ್ನೂ ಕಲಿಯಬೇಕಿಲ್ಲ, ಮೈಮೇಲೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಇವತ್ತು ನಮ್ಮಲ್ಲೂ ಇದೇ ಕೆಲಸವನ್ನು ಸ್ಮಾರ್ಟ್ ಪ್ಲಗ್ ಮಾಡುತ್ತದೆ. ಗೋಡೆಯ ಸಾಕೆಟ್ಟಿಗೂ ಟಿವಿಯ ಪ್ಲಗ್ಗಿಗೂ ನಡುವೆ ಸಿಗಿಸಿದರೆ, ಎಷ್ಟು ಹೊತ್ತಿಗೆ ಕರೆಂಟ್ ಎಳೆಯಿತು ಎಂದು ತೋರಿಸುತ್ತದೆ. ಕರೆಂಟ್ ಅಳೆಯುವ ಮಾದರಿಯನ್ನೇ ಕೇಳಿ ಕೊಳ್ಳಿ, ಎಲ್ಲವೂ ಅಳೆಯುವುದಿಲ್ಲ.

ಇನ್ನೊಂದು, ಚಲನೆಯ ಸೆನ್ಸರ್. ನಮ್ಮ ಮೈಯಿಂದ ಸದಾ ಹೊರಬೀಳುವ ಶಾಖದ ಕಿರಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಅದಕ್ಕೆ ಗೊತ್ತಾಗುತ್ತದೆ. ಚಿತ್ರ ತೆಗೆಯುವುದಿಲ್ಲ, ಮಾತು ಕೇಳಿಸಿಕೊಳ್ಳುವುದಿಲ್ಲ. ಒಂದು ದೋಷ ಗೊತ್ತಿರಲಿ. ಅದು ನೋಡುವುದು ಮೈಯ ಶಾಖಕ್ಕೂ ಕೋಣೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ಏಪ್ರಿಲ್-ಮೇ ತಿಂಗಳಲ್ಲಿ ಗದಗಿನ ಮಧ್ಯಾಹ್ನ ಕೋಣೆಯೇ ಮೈಯಷ್ಟು ಬಿಸಿಯಾದಾಗ ಅದು ಮಂಕಾಗುತ್ತದೆ. ಮೇಲೆ ಹಲ್ಲಿ ಹರಿದರೆ, ಬೆಕ್ಕು ಓಡಾಡಿದರೆ ಸುಳ್ಳು ಸುದ್ದಿ ಕೊಡುವುದೂ ಉಂಟು. ಬಾಗಿಲಿಗೆ ಹಚ್ಚುವ ಸೆನ್ಸರ್ ಇನ್ನೂ ಸಾದಾ. ಒಂದು ಕಡೆ ಅಯಸ್ಕಾಂತ, ಇನ್ನೊಂದು ಕಡೆ ಅದಕ್ಕೆ ಸ್ಪಂದಿಸುವ ಸ್ವಿಚ್ಚು. ದೂರವಾದರೆ ಬಾಗಿಲು ತೆರೆಯಿತು ಎಂದು ಲೆಕ್ಕ. ದುಬಾರಿಯದು ಬೇಕೆಂದರೆ ರೇಡಾರ್ ಸೆನ್ಸರ್‌ಗಳು ಬಂದಿವೆ. ರೇಡಿಯೋ ಅಲೆ ಕಳಿಸಿ, ಮರಳಿ ಬಂದ ಅಲೆಯಿಂದ ಎದೆಯ ಏರಿಳಿತವನ್ನು ಕೂಡ ಗುರುತಿಸಬಲ್ಲವು. ಕತ್ತಲಲ್ಲೂ ನಡೆಯುತ್ತವೆ, ಚಿತ್ರ ತೆಗೆಯುವುದಿಲ್ಲ. ಬಚ್ಚಲಿಗೆ ಹೊಂದುವುದು ಇಂಥದ್ದೇ.

ಈ ಸೆನ್ಸರ್‌ಗಳಿಗೆ ನಾವು ಒಂದು ನಿಯಮ ಹೇಳಿಕೊಡಬೇಕು. ಅವ್ವ ದಿನಾ ಆರು ಗಂಟೆಗೆ ಏಳುವವಳಾದರೆ "ಎಂಟರವರೆಗೆ ಅಡುಗೆಮನೆಯಲ್ಲಿ ಓಡಾಟ ಕಾಣದಿದ್ದರೆ ತಿಳಿಸು" ಎಂದಿಡಬಹುದು. ಆರೂಕಾಲಿಗೇ ತಿಳಿಸು ಎಂದಿಟ್ಟರೆ ವಾರಕ್ಕೆ ಮೂರು ಸಲ ಸುಳ್ಳು ಅಲಾರಂ ಬರುತ್ತದೆ, ಒಂದು ತಿಂಗಳಲ್ಲಿ ಮಗ ಅದನ್ನು ನೋಡುವುದನ್ನೇ ಬಿಡುತ್ತಾನೆ. ಸಿದ್ಧಾರೂಢ ಮಠದ ಜಾತ್ರೆಗೆಂದು ಅವ್ವ ತಂಗಿಯ ಮನೆಯಲ್ಲಿ ಎರಡು ರಾತ್ರಿ ಉಳಿದರೆ ಅಲಾರಂ ಬಂದ್ ಮಾಡುವವರು ಯಾರು ಎಂಬುದೂ ಮೊದಲೇ ಗೊತ್ತಿರಬೇಕು.

ಇಷ್ಟೆಲ್ಲ ಬೇಡ ಎನ್ನುವವರಿಗೆ ಮಿಸ್ಡ್ ಕಾಲ್ ಇದೆ. ದಿನಾ ಬೆಳಿಗ್ಗೆ ಏಳಕ್ಕೆ ಅವ್ವ ಒಂದು ಮಿಸ್ಡ್ ಕಾಲ್ ಕೊಡುವುದು, ಬಾರದಿದ್ದರೆ ಮಗಳು ಫೋನ್ ಮಾಡುವುದು. ಅದೂ ತಂತ್ರಜ್ಞಾನವೇ, ಅಲ್ವಾ? ಅದರ ಕೊರತೆ ಒಂದೇ. ಏಳೂವರೆಗೆ ಬಿದ್ದರೆ ಗೊತ್ತಾಗುವುದು ಮಾರನೆಯ ದಿನ.

ಗ್ಯಾಸು, ನೀರು, ಕರೆಂಟು

ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಮರ್ಕ್ಯಾಪ್ಟನ್ ಎಂಬ ನಾರುವ ಪದಾರ್ಥವನ್ನು ಬೆರೆಸಿರುತ್ತಾರೆ. ಮೂಗೇ ಮಂದವಾದರೆ ಅದೂ ಉಪಯೋಗಕ್ಕಿಲ್ಲ. ಹಾಗಾಗಿ ಒಂಟಿ ಹಿರಿಯರ ಅಡುಗೆಮನೆಗೆ ಗ್ಯಾಸ್ ಸೋರಿಕೆಯ ಅಲಾರಂ ಹಾಕುವುದು ನ್ಯಾಯವಾದ ಖರ್ಚು. ಅದನ್ನು ಎಲ್ಲಿ ಹಚ್ಚಬೇಕು ಎನ್ನುವುದರಲ್ಲಿ ತಪ್ಪಾಗುತ್ತದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಅಲಾರಂ ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು, ತಲೆಯ ಮೇಲೆ ಅಲ್ಲ. ಪೈಪಿನಲ್ಲಿ ಬರುವ ಗ್ಯಾಸು ಗಾಳಿಗಿಂತ ಹಗುರ, ಅದಕ್ಕೆ ಮೇಲೆಯೇ ಹಚ್ಚಬೇಕು. ಸೋರಿಕೆಯ ತುರ್ತು ಸಹಾಯವಾಣಿ 1906. ಅಲಾರಂ ಕೂಗಿದಾಗ ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆಗೆದು ಹೊರಗೆ ಬರಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಹಾಲಿಟ್ಟು ಮರೆಯುವವರಿಗೆ ಟೈಮರ್ ಇರುವ ಇಂಡಕ್ಷನ್ ಒಲೆ ಒಳ್ಳೆಯದು. ತಾನಾಗಿ ಆರುತ್ತದೆ. ಆದರೆ ರೊಟ್ಟಿಗೆ ಉರಿಯೇ ಬೇಕು ಎನ್ನುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹಾಲು, ಚಹಾ ಇಂಡಕ್ಷನ್ ಮೇಲೆ, ರೊಟ್ಟಿ ಗ್ಯಾಸಿನ ಮೇಲೆ ಎಂದು ಹಂಚಿದರೆ ಜಗಳ ಮುಗಿಯುತ್ತದೆ.

ನೀರಿನ ವಿಷಯ ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ತಾಸೂ ನಳದ ನೀರು ಬಂತು. ಉಳಿದ ಎಷ್ಟೋ ಕಡೆ, ಗದಗಿನಲ್ಲೂ, ನಳ ಬರುವುದೇ ಕೆಲವು ದಿನಗಳಿಗೊಮ್ಮೆ. ಅದೂ ಯಾವ ಹೊತ್ತಿಗೋ. ರಾತ್ರಿ ಎದ್ದು ನಳ ಬಂತೇ ಎಂದು ನೋಡುವುದು, ಮೋಟರ್ ಹಚ್ಚುವುದು, ಟಾಕಿ ತುಂಬಿತೇ ಎಂದು ಮಾಳಿಗೆ ಹತ್ತುವುದು. 75ರ ವಯಸ್ಸಿನಲ್ಲಿ ಮಾಡಬಾರದ ಕೆಲಸಗಳು ಇವು. ಸಂಪಿಗೆ ಫ್ಲೋಟ್ ವಾಲ್ವ್ ಹಾಕಿದರೆ ನಳ ಬಿಟ್ಟೇ ಇಡಬಹುದು, ತುಂಬಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನ ಟಾಕಿಗೂ ಸಂಪಿಗೂ ಸೆನ್ಸರ್ ಇಟ್ಟು ಮೋಟರನ್ನು ತಾನಾಗಿ ಹಚ್ಚುವ, ಆರಿಸುವ ಪೆಟ್ಟಿಗೆ ಸಿಗುತ್ತದೆ. ಸಂಪಿನಲ್ಲಿ ನೀರಿಲ್ಲದಿದ್ದರೆ ಮೋಟರ್ ಹಚ್ಚದೆ ಕಾಪಾಡುವುದನ್ನೂ ಅದು ಮಾಡುತ್ತದೆ. ಇದನ್ನು ಹಿರಿಯರ ಆರೈಕೆಯ ಯಂತ್ರ ಎಂದು ಯಾರೂ ಮಾರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಮೂರರಲ್ಲಿ ಅದಕ್ಕೆ ಜಾಗವಿದೆ.

ಹೆಸ್ಕಾಂ ಕರೆಂಟ್ ತೆಗೆದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಅದನ್ನು ನಂಬಿದ ಎಲ್ಲ ಸೆನ್ಸರ್‌ಗಳೂ ಮೂಕ. ರೌಟರಿಗೆಂದೇ ಇರುವ ಚಿಕ್ಕ ಯುಪಿಎಸ್ ಹಾಕಿದರೆ ಕೆಲವು ತಾಸು ನಡೆಯುತ್ತದೆ. ಫೈಬರ್ ಇಂಟರ್ನೆಟ್ ಜೊತೆ ಬರುವ ಮನೆಯ ಫೋನೂ ಕರೆಂಟ್ ಹೋದರೆ ಬಂದ್ ಆಗುತ್ತದೆ, ಹಳೆಯ ತಂತಿಯ ಫೋನಿನ ಹಾಗಲ್ಲ. ತುರ್ತಿನ ಬಟನ್ ಮಾತ್ರ ಸಿಮ್ ಕಾರ್ಡಿನ ಮೇಲೆ ನಡೆಯುವಂಥದ್ದಿದ್ದರೆ ಹೆಚ್ಚು ನಂಬಿಕೆ.

ಬಿಪಿ, ಗುಳಿಗೆ, ದುಡ್ಡು

ಮನೆಯಲ್ಲೇ ಬಿಪಿ ನೋಡುವ ಯಂತ್ರ ಈಗ ಎಲ್ಲೆಡೆ ಇದೆ. ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವುದು ನಂಬಿಕೆಯದು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ನೋಡಬೇಕು. ಮೆಟ್ಟಿಲು ಹತ್ತಿ ಬಂದು ನೋಡಿದರೆ ಜಾಸ್ತಿ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಗುಳಿಗೆಗೆ ವಾರದ ಡಬ್ಬಿ ಸಾಕು. ಅಲಾರಂ ಇರುವ ಡಬ್ಬಿಯೂ ಇದೆ, ಆದರೆ ತುಂಬುವವರು ತಪ್ಪು ಮಾಡಿದರೆ ಅದು ತಪ್ಪನ್ನೇ ಸರಿಯಾದ ಹೊತ್ತಿಗೆ ಕೊಡುತ್ತದೆ. ಮನೆಯಿಂದಲೇ ವೈದ್ಯರ ಜೊತೆ ಮಾತಾಡಲು ಸರಕಾರದ ಇ-ಸಂಜೀವಿನಿ ಇದೆ, ಮನಸ್ಸು ಕುಗ್ಗಿದಾಗ ಸರಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು.

ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರ 2014ರಿಂದ ಆನ್‌ಲೈನ್ ಆಯಿತು. ಬೆರಳಿನ ಗೆರೆ ಸವೆದು ಯಂತ್ರ ಒಪ್ಪದೆ ಅಲೆಯುತ್ತಿದ್ದವರಿಗೆ 2021ರಲ್ಲಿ ಬಂದ ಮುಖ ಗುರುತಿಸುವ ವಿಧಾನ ನಿಜವಾದ ಉಪಕಾರ. ಮನೆಯಲ್ಲೇ ಕೂತು ಸ್ಮಾರ್ಟ್‌ಫೋನಿನಿಂದ ಮಾಡಬಹುದು.

ದುಡ್ಡಿನ ವಿಷಯದಲ್ಲಿ ಯಂತ್ರ ಸಹಾಯವನ್ನೂ ತರುತ್ತದೆ, ಕಳ್ಳರನ್ನೂ ತರುತ್ತದೆ. "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರಿಗೆ ಒಂಟಿ ಹಿರಿಯರೇ ಗುರಿ. ವಿಡಿಯೋ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು. ಪಿಂಚಣಿ ಬೀಳುವ ಖಾತೆಯನ್ನು ಫೋನಿಗೆ ಜೋಡಿಸದೆ, ಸಣ್ಣ ಮೊತ್ತದ ಬೇರೆ ಖಾತೆಯನ್ನು ಮಾತ್ರ ಜೋಡಿಸುವುದು ಜಾಣತನ. 2024ರಲ್ಲಿ ಬಂದ ಯುಪಿಐ ಸರ್ಕಲ್ ಕೂಡ ಇದಕ್ಕೆ ಒದಗುತ್ತದೆ. ಮಗಳ ಖಾತೆಯಿಂದ ಅವ್ವ ತನ್ನ ಫೋನಿನಲ್ಲೇ ತರಕಾರಿಯವನಿಗೆ ಕೊಡಬಹುದು. ಪ್ರತಿ ಸಲ ಮಗಳು ಒಪ್ಪಬೇಕು ಎಂದಿಡಬಹುದು, ಇಲ್ಲವೇ ತಿಂಗಳಿಗೆ ಇಷ್ಟು ಎಂದು ಮಿತಿ ಹಾಕಬಹುದು. ಆ ಮಿತಿ ಹೆಚ್ಚೆಂದರೆ 15,000 ರೂಪಾಯಿ, ಒಂದು ಸಲಕ್ಕೆ 5,000.

ಅಕ್ಷರ ಒತ್ತಲು ಬಾರದವರಿಗೆ ಮಾತಾಡಿ ಬರೆಸುವುದು ಸುಲಭ. ಗೂಗಲ್ 2017ರಲ್ಲೇ ಕನ್ನಡಕ್ಕೆ ಇದನ್ನು ತಂದಿತು. ನಮ್ಮ "ಹೋಗಾಕತ್ತೇನಿ", "ಬರಾಕಿಲ್ಲ" ಕೇಳಿ ಅದು ಕೆಲವೊಮ್ಮೆ ಏನೇನೋ ಬರೆಯುತ್ತದೆ, ನಕ್ಕು ಬಿಡಬೇಕು. ಆದರೆ ತುರ್ತಿನಲ್ಲಿ ಮಾತಿನ ಯಂತ್ರವನ್ನು ನಂಬಿ ಕೂರಬಾರದು.

ಮರೆವು ಬಂದಾಗ, ಮತ್ತು ಕೇಳುವ ಮಾತು

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸುಮಾರು 88 ಲಕ್ಷ ಜನ. ಮರೆವಿನ ಕಾಯಿಲೆ ಶುರುವಾದ ಹೊಸತರಲ್ಲಿ ಬಾಗಿಲ ಸೆನ್ಸರ್, ಎಲ್ಲಿದ್ದಾರೆ ಎಂದು ತೋರಿಸುವ ವಾಚು, ಗ್ಯಾಸಿನ ಅಲಾರಂ ಸಹಾಯಕ್ಕೆ ಬರುತ್ತವೆ. ಕಾಯಿಲೆ ಮುಂದುವರಿದ ಮೇಲೆ ಯಂತ್ರದ ಮೇಲೆ ಯಂತ್ರ ಪೇರಿಸಿ ಅವರನ್ನು ಒಬ್ಬರೇ ಬಿಡುವುದು ತಪ್ಪು. ಆಗ ಬೇಕಾಗುವುದು ಮನುಷ್ಯರು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಬೇಗ ತೋರಿಸಿದರೆ, ಯಾವ ಹಂತದಲ್ಲಿದ್ದಾರೆ ಎಂದಾದರೂ ತಿಳಿಯುತ್ತದೆ.

ಇವುಗಳಲ್ಲಿ ಏನನ್ನೇ ತರುವ ಮೊದಲು ಅವ್ವನನ್ನು ಕೇಳಬೇಕು. ದೀಪಾವಳಿಗೆ ಬಂದ ಮಗ ಎರಡು ದಿನದಲ್ಲಿ ಮನೆ ತುಂಬ ತಂತಿ ಎಳೆದು ಹೋದರೆ, ಮೂರನೆಯ ದಿನ ಅವ್ವ ಎಲ್ಲದರ ಸ್ವಿಚ್ಚು ಆರಿಸುತ್ತಾಳೆ. "ನಾ ಏನ್ ಜೈಲಿನ್ಯಾಗ ಅದೀನೇನು?" ಎಂದು ಕೇಳಿದರೆ ಉತ್ತರವಿಲ್ಲ. ಆಕೆಗೆ ಯಾವುದು ಭಯ, ಯಾವುದು ಕಷ್ಟ ಎಂದು ಕೇಳಿದರೆ ಉತ್ತರ ಬೇರೆಯೇ ಬರಬಹುದು. ಬೀಳುವ ಭಯಕ್ಕಿಂತ ಫೋನಿನಲ್ಲಿ ಅಕ್ಷರ ಕಾಣದಿರುವುದು, ಬಾಗಿಲ ಗಂಟೆ ಕೇಳಿಸದಿರುವುದು ಆಕೆಗೆ ದೊಡ್ಡದಿರಬಹುದು. ಅದಕ್ಕೆ ಅಕ್ಷರ ದೊಡ್ಡದು ಮಾಡುವ ಸೆಟ್ಟಿಂಗ್ ಇದೆ, ಬಡಿದಾಗ ಮಿನುಗುವ ದೀಪದ ಗಂಟೆ ಇದೆ. ಅಲ್ಲಿಂದಲೇ ಶುರು ಮಾಡಿ. ಮೊದಲ ಯಂತ್ರ ಆಕೆಗೆ ಉಪಯೋಗವಾದರೆ ಎರಡನೆಯದಕ್ಕೆ ಒಪ್ಪುತ್ತಾಳೆ. ಕ್ಯಾಮೆರಾ ಬೇಕೇಬೇಕೆಂದರೆ ಅದು ಹೊರಬಾಗಿಲಿಗಿರಲಿ, ಬಂದವರು ಯಾರೆಂದು ಆಕೆಯೇ ನೋಡುವಂತಿರಲಿ.

ಮನೆಯಲ್ಲಿ ಕೇಳುವವರೇ ಇಲ್ಲದ ಹಿರಿಯರಿಗೆ ಸರಕಾರದ ಎಲ್ಡರ್‌ಲೈನ್ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ, ಕಾನೂನು, ಒಂಟಿತನ, ಕಿರುಕುಳ, ಎಲ್ಲಕ್ಕೂ ಅಲ್ಲಿ ದಾರಿ ಹೇಳುತ್ತಾರೆ. ಬಿದ್ದಾಗ ಕರೆಯುವ ನಂಬರ್ ಅದಲ್ಲ, ಅದಕ್ಕೆ 108 ಅಥವಾ 112.

ಎಲ್ಲ ಹಾಕಿಸಿ ಆದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಮೊದಲೇ ಹೇಳಿಟ್ಟು, ಅವ್ವ ಬಚ್ಚಲಿನ ಬಟನ್ ಒತ್ತಲಿ. ಪಕ್ಕದ ಮನೆಯವರು ಕೀಲಿಕೈ ಹುಡುಕಿ, ಬಾಗಿಲು ತೆಗೆದು ಒಳಗೆ ಬರುವವರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ನೋಡಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಸೆಲ್ ಬದಲಿಸಿ, ಕೀಲಿಕೈ ಇಟ್ಟುಕೊಂಡವರು ಇನ್ನೂ ಅದೇ ಮನೆಯಲ್ಲಿದ್ದಾರೆಯೇ ಎಂದು ವಿಚಾರಿಸಿ.